ಒಂದು ಗೇಣಿನ ಜಾಗ

"ಎಲ್ಲಾ ಕಡಿ ಎರಡೆರಡು ಹುಟ್ಟ್ಯಾವಲ್ಲ, ಅಂಬುಬಾಯಿ!"

ಜಯಮಾಲಾ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಿತ್ತಿ ಹದಿನೈದು ದಿನವಾಗಿತ್ತು. ಗೇಣಿಗೊಂದು ಬೀಜ ಊರಬೇಕೆಂದು ಆಳುಗಳಿಗೆ ಹತ್ತು ಸಲ ಹೇಳಿದ್ದಳು. ಈಗ ಗೇಣಿಗೊಂದು ಜೋಡಿ ನಿಂತಿತ್ತು.

"ಒಂದು ಹಕ್ಕಿಗಿ, ಒಂದು ನಮಗ್ರಿ. ನಮ್ಮವ್ವ ಹಾಂಗೇ ಊರತಿದ್ಳು. ಈ ಸಲ ಹಕ್ಕಿನೇ ಬರಲಿಲ್ಲ, ನಾ ಏನ್ ಮಾಡ್ಲಿ?" ಎಂದಳು ಅಂಬುಬಾಯಿ. ಬಿತ್ತಿಗೆಗೆ ನಿರ್ಣಾ ಊರಿನಲ್ಲಿ ಎಲ್ಲರೂ ಮೊದಲು ಕರೆಯುತ್ತಿದ್ದುದು ಅವಳನ್ನೇ.

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಂಡಿಯವನು ಪಾಪ್‌ಕಾರ್ನ್ ಹುರಿಯುವುದನ್ನು ನೋಡಿ, ಬೀಜದಂಗಡಿಯಲ್ಲಿ ಎಲ್ಲ ಕೇಳಿಕೊಂಡು, ಈ ಎರಡೆಕರೆಗೆ ಅದೇ ಜೋಳ ಹಾಕೋಣವೆಂದವಳು ಜಯಮಾಲಾ. ಮಾವ ಮಹಾರುದ್ರಪ್ಪ ಗಡ್ಡ ಕೆರೆದುಕೊಂಡು, "ಒಂದು ಹಂಗಾಮು ನೋಡು. ಬಂತಂದ್ರ ಈ ಹೊಲ ನಿನ್ನ ಮಾತಿನಂಗ. ಇಲ್ಲಂದ್ರ ಮನ್ಯಾಗ ಸುಮ್ಮ ಕೂಡು" ಎಂದಿದ್ದ. ಮದುವೆಯಾಗಿ ಆರು ವರ್ಷಕ್ಕೆ ಆ ಮನೆಯಲ್ಲಿ ಅವಳ ಮಾತಿಗೆ ಸಿಕ್ಕ ಮೊದಲ ಜಾಗ ಅದು.

"ಒಂದೊಂದು ಕಿತ್ತುಬಿಡು."

"ಹಸರು ಕೀಳಾಕ ನನ್ನ ಕೈ ಏಳಂಗಿಲ್ರಿ, ಅವ್ವಾರ."

ಬದುವಿನ ಮೇಲಿದ್ದ ಮಹಾರುದ್ರಪ್ಪನೂ ದನಿಗೂಡಿಸಿದ. "ಕೀಳೂದು ಯಾಕ? ದಟ್ಟ ಇದ್ರ ಹೊಲ ತುಂಬಿ ಕಾಣತದ. ಮಂದಿ ನೋಡಿ ನಗ್ತಾರ." ಮಂದಿಯ ನಗುವಿಗೆ ಹೆದರುವುದರಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ.

"ಇಕ್ಕಟ್ಟಿನ್ಯಾಗ ತೆನಿ ಸಣ್ಣಾಗತಾವ್ರಿ ಮಾಮಾರ. ದಂಟು ಬಡವಾಗಿ ಬೀಳತದ."

"ದಾರಿ ಕಡಿ ನಾಕು ಸಾಲು ಮುಟ್ಟಬ್ಯಾಡ" ಎಂದು ಅವನು ಹೊರಟೇಹೋದ.

ಉಳಿದ ಸಾಲುಗಳಲ್ಲಿ ಜಯಮಾಲಾ ತಾನೇ ಜೋಡಿಗೊಂದು ಸಸಿ ಕಿತ್ತಳು. ಒಂದು ಸಸಿಯ ಬುಡವನ್ನು ಬೆರಳಿನಿಂದ ಅದುಮಿ ಹಿಡಿದು ಇನ್ನೊಂದನ್ನು ಎಳೆಯುವಾಗ ಪ್ರತಿ ಸಲವೂ ಜೀವ ಚುರ್ ಎನ್ನುತ್ತಿತ್ತು. ತಪ್ಪಾದರೆ ಮತ್ತೆ ನೆಡುವಂತಿರಲಿಲ್ಲ. ಅಂಬುಬಾಯಿ ಹಿಂದಿನಿಂದ ಬಂದು ಬಿದ್ದ ಸಸಿಗಳನ್ನೆಲ್ಲ ಉಡಿಗೆ ತುಂಬಿಕೊಂಡಳು. "ಮನ್ಯಾಗಿನ ಆಡಿಗಾದ್ರೂ ಆಗಲಿ" ಎಂದಳು. ಹೊಲ ಬೋಳಾಗಿ ಕಂಡಿತು. ದಾರಿಯಲ್ಲಿ ಹೋಗುವವರು ನಕ್ಕರು ಕೂಡ.

ತೆನೆ ಬಲಿಯುವ ಹೊತ್ತಿಗೆ ಒಂದು ರಾತ್ರಿ ಉತ್ತರಿ ಮಳೆಯ ಬಿರುಗಾಳಿ ಬೀಸಿತು. ಬೆಳಿಗ್ಗೆ ಮಹಾರುದ್ರಪ್ಪ ಒಬ್ಬನೇ ಹೊಲಕ್ಕೆ ಹೋದ. ದಾರಿ ಕಡೆಯ ನಾಲ್ಕು ಸಾಲು ಒಂದರ ಮೇಲೊಂದು ಮಲಗಿದ್ದವು. ಬಿದ್ದ ದಂಟಿನಿಂದ ಒಂದು ತೆನೆ ಮುರಿದು ಸುಲಿದ. ಬೆರಳುದ್ದದ ತೆನೆ, ತುದಿಯಲ್ಲಿ ಕಾಳೇ ಇಲ್ಲ, ಹಲ್ಲುದುರಿದ ಬಾಯಿಯಂತಿತ್ತು. ಒಳಗಿನ ಸಾಲುಗಳು ನಿಂತೇ ಇದ್ದವು. ಅಲ್ಲಿಂದಲೂ ಒಂದು ಸುಲಿದ. ತುದಿಯವರೆಗೆ ಕಾಳು ತುಂಬಿತ್ತು. ಎರಡನ್ನೂ ಮನೆಗೆ ತಂದು ಸೊಸೆಯ ಮುಂದೆ ಕಟ್ಟೆಯ ಮೇಲಿಟ್ಟ. ಆ ದಿನ ಅವಳಿಗೆ ಊಟವೇ ಬೇಡವಾಗುವಷ್ಟು ಖುಷಿಯಾಯಿತು.

ಮರುವರ್ಷ ಮೃಗಶಿರ ಮಳೆಗೆ ಮತ್ತೆ ಬಿತ್ತಿಗೆ. ಅಂಬುಬಾಯಿ ರೂಢಿಯಂತೆ ಎರಡು ಬೀಜ ತೆಗೆದಳು. ಒಂದು ಗಳಿಗೆ ನೋಡಿ, ಒಂದನ್ನು ಉಡಿಗೆ ವಾಪಸು ಹಾಕಿದಳು. ಅವಳ ಪಕ್ಕದ ಸಾಲಿನಲ್ಲಿ ಮಹಾರುದ್ರಪ್ಪ ಧೋತರ ಎತ್ತಿ ಕಟ್ಟಿ ಕೂತಿದ್ದ. ಕೈ ಚಾಚಿ ಅಳೆದು ಗೆರೆ ಹಾಕಿದ, ಅಳಿಸಿದ, ಮತ್ತೆ ಅಳೆದ.

"ಜಯಮಾಲಾ, ನನ್ನ ಗೇಣು ದೊಡ್ಡದಾಗಾಕತ್ತದ. ನಿನ್ನ ಕೈ ಇಲ್ಲಿಡು."

ಅವಳು ಸೆರಗು ಸರಿಮಾಡಿಕೊಂಡು ಬಂದು, ಹಸಿ ಮಣ್ಣಿನ ಮೇಲೆ ಕೈಯಿಟ್ಟು ಬೆರಳು ಅಗಲಿಸಿದಳು. ಕಿರುಬೆರಳಿನ ತುದಿಗೆ ಅವನು ಒಂದು ಬೀಜ ಊರಿದ.