ಮೂಳೆಮಾವನ ಸ್ಕ್ರೂ

ಕಾಲೇಜುಗಳಿಗೆ ಪ್ಲಾಸ್ಟರಿನ ಅಸ್ಥಿಪಂಜರ ಮಾಡಿಕೊಡುವ ಅವನನ್ನು ಎಲ್ಲರೂ ಮೂಳೆಮಾವ ಎಂದೇ ಕರೆಯುತ್ತಿದ್ದರು. ಮೈಯ ಮೂಳೆಗಳೆಲ್ಲ ತನಗೆ ಅಂಗೈ ಗೆರೆಯಷ್ಟು ಪರಿಚಯ ಎಂಬ ಜಂಬವೂ ಅವನಿಗೆ ಸ್ವಲ್ಪ ಇತ್ತೆನ್ನಿ. ಮೊಣಕಾಲಿನ ಕೆಳಗೆ, ಹೊರಮಗ್ಗುಲಲ್ಲಿ, ಕಾಲಿನ ದಪ್ಪ ಮೂಳೆಗೆ ಪಕ್ಕದ ಕಡ್ಡಿಮೂಳೆಯ ತಲೆ ಒರಗುವ ಜಾಗವೊಂದಿದೆ. ಅಲ್ಲಿ ಅಲುಗಾಡುವಂಥದ್ದೇನಿದೆ, ಬಿಗಿದರೆ ಗೊಂಬೆ ಗಟ್ಟಿ ನಿಲ್ಲುತ್ತದೆ ಎಂದು ಇಪ್ಪತ್ತೆಂಟು ವರ್ಷದಿಂದ ಒಂದು ಸ್ಕ್ರೂ ಜಡಿಯುತ್ತ ಬಂದಿದ್ದ.

ಅವನ ಅಕ್ಕ ಹೊಲಿಗೆ ಮಿಷಿನ್ ತುಳಿದೇ ಅವನನ್ನು ಸಾಕಿದವಳು. ಒಮ್ಮೆ ಮೆಟ್ಟಿಲಲ್ಲಿ ಅವಳ ಪಾದ ಉಳುಕಿತು. ಉಳುಕು ವಾಸಿಯಾದರೂ ಮೊಣಕಾಲಿನ ಹೊರಗಡೆ ನೋವು ಕೂತುಬಿಟ್ಟಿತು. ಮೂರು ಸಲ ಎಕ್ಸ್‌ರೇ ತೆಗೆಸಿದರೂ ಏನೂ ಕಾಣಲಿಲ್ಲ.

"ಇನ್ನು ತುಳಿಯೋಕಾಗಲ್ಲ ಕಣೋ. ಮಿಷಿನ್ ಯಾರಿಗಾದ್ರೂ ಕೊಟ್ಬಿಡು" ಎಂದಳು. ಮಿಷಿನ್ ಬಿಟ್ಟರೆ ಅಕ್ಕ ಉಳಿಯುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಮಾರನೇ ಬೆಳಿಗ್ಗೆಯೇ ಫಿಸಿಯೋ ಮೇಡಮ್ ಹತ್ತಿರ ಕರೆದುಕೊಂಡು ಹೋದ.

ಮೇಡಮ್ ಮೊದಲು ಹಿಡಿದದ್ದು ಅಕ್ಕನ ಪಾದವನ್ನು. ಆಮೇಲೆ ಕಡ್ಡಿಮೂಳೆಯ ತಲೆಯನ್ನು ಒತ್ತಿ ನೋಡಿ, "ಮಾವ, ನಿಮ್ಮ ಕಾಲಲ್ಲೇ ಇಲ್ಲಿ ಬೆರಳಿಟ್ಟು, ಹಿಮ್ಮಡಿ ಊರಿ ಪಾದ ಮೇಲೆತ್ತಿ" ಎಂದರು.

ಎತ್ತಿದ. ಬೆರಳ ಕೆಳಗೆ ಏನೋ ಜಾರಿತು, ಅಕ್ಕಿಕಾಳಿನಷ್ಟೂ ಇಲ್ಲ.

"ಪಾದ ಎತ್ತಿದಾಗ ಕೆಳಗಡೆ, ಪಾದದ ಗಂಟಿನ ಹತ್ತಿರ, ಕಡ್ಡಿಮೂಳೆ ಜಾಗ ಬಿಡಬೇಕು. ಅದಕ್ಕೆ ಮೇಲೂ ಒಂಚೂರು ಸರಿಯುತ್ತೆ. ಇದೂ ಒಂದು ಕೀಲೇ ಮಾವ. ಪಾದ ಉಳುಕಿದಾಗ ಅಕ್ಕಂದು ಸಿಕ್ಕಾಕ್ಕೊಂಡಿದೆ."

ಅವನಿಗೆ ಮೈ ಜುಮ್ಮೆಂದಿತು. ಐವತ್ತೈದು ವರ್ಷ ಹೆಜ್ಜೆಹೆಜ್ಜೆಗೂ ದಾರಿ ಬಿಟ್ಟುಕೊಟ್ಟ ಈ ಪುಟ್ಟ ಕೀಲು ಒಂದು ದಿನವೂ ತಾನಿದ್ದೇನೆ ಎಂದು ಹೇಳಿಕೊಂಡಿರಲಿಲ್ಲ. ಮತ್ತೆ ಎತ್ತಿದ, ಇಳಿಸಿದ, ಎತ್ತಿದ. ಬೆರಳು ತೆಗೆಯಲು ಮನಸ್ಸೇ ಬರಲಿಲ್ಲ.

ಮೇಡಮ್ ಅಂಗೈಯಿಂದ ಅಕ್ಕನ ಮೂಳೆಯನ್ನು ಮೆಲ್ಲಗೆ ಮುಂದಕ್ಕೊತ್ತಿದರು. ಆರೇಳು ಸಲ ಒತ್ತಿದ ಮೇಲೆ ಲಟಕ್ ಎಂದಿತು. ಅಕ್ಕ ಪಾದ ಆಡಿಸಿ ನೋಡಿದಳು. ಮುಖ ಕಿವುಚಲಿಲ್ಲ.

ಆಗ ಅವನ ಕಣ್ಣು ಮೂಲೆಯಲ್ಲಿ ನಿಂತ ಅಸ್ಥಿಪಂಜರದ ಮೇಲೆ ಬಿತ್ತು. ಅವನೇ ಮಾಡಿದ್ದು. "ನಾನು ಕಲಿತಿದ್ದೂ ನಿಮ್ಮ ಗೊಂಬೆ ನೋಡೇ" ಎಂದು ಮೇಡಮ್ ನಕ್ಕರು. "ಈ ಕೀಲು ಅಲುಗುತ್ತೆ ಅಂತ ನಂಬೋಕೆ ನಂಗೆ ಎರಡು ವರ್ಷ ಹಿಡೀತು."

ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಸ್ಕ್ರೂಡ್ರೈವರ್ ಕೇಳಿ ಪಡೆದು, ಗೊಂಬೆಯ ಮುಂದೆ ಮಂಡಿಯೂರಿ ಎರಡೂ ಕಾಲಿನ ಸ್ಕ್ರೂ ಬಿಚ್ಚಿದ. ಜಾರಿದ ಮೂಳೆಗಳನ್ನು ಅಕ್ಕನ ಚೀಲದಲ್ಲಿದ್ದ ಎಲಾಸ್ಟಿಕ್‌ನಿಂದ ಸಡಿಲವಾಗಿ ಕಟ್ಟಿದ.

ಅವನ ಬೆನ್ನ ಹಿಂದೆ, ಮಂಚದ ಮೇಲೆ, ಅಕ್ಕ ಗಾಳಿಯಲ್ಲೇ ಮಿಷಿನ್ ತುಳಿಯುತ್ತಿದ್ದಳು.

"ಕಾಲೇಜಲ್ಲಿ ನಿಂತಿರೋ ಉಳಿದವರ ಕಾಲೂ ಬಿಚ್ಚಬೇಕಲ್ವೇನೋ?" ಎಂದಳು.

"ಹೂಂ ಅಕ್ಕ. ಎಲಾಸ್ಟಿಕ್ ನೀನೇ ಹೊಲಿದುಕೊಡು."