ಎಲ್ಲರಿಗೂ ಹೇಳಿದ ಮಾತು

ತೋಳಿಗೆ ಇನ್ನೊಂದು ಮಡಿಕೆ ಎಂದು ಸುದ್ದಿ ಮುಖ್ಯಸ್ಥ ಗಾಜಿನ ಆಚೆಯಿಂದ ಬೆರಳಲ್ಲೇ ಸನ್ನೆ ಮಾಡಿದ. ಕ್ಯಾಮೆರಾದ ಮುಂದಿದ್ದ ಹವಾಮಾನ ವರದಿಗಾರ ಅಂಗಿಯ ತೋಳನ್ನು ಮೊಣಕೈ ದಾಟುವಷ್ಟು ಮೇಲೆ ಸರಿಸಿ ನಿಂತ.

ತೋಳಿಗೂ ಗಾಳಿಗೂ ಒಂದು ಲೆಕ್ಕವಿತ್ತು. ಸಾಧಾರಣ ಮಳೆಗೆ ಕೋಟು. ಭಾರೀ ಮಳೆಗೆ ಕೋಟು ಬಿಚ್ಚಿ ಟೈ ಮಾತ್ರ. ಟೈ ಸಡಿಲವಾಗಿ ತೋಳು ಮೇಲೇರಿತೆಂದರೆ ಜನ ಗಂಟುಮೂಟೆ ಕಟ್ಟಬೇಕು. ಐದು ವರ್ಷ ಮೋಡಗಳ ಮೇಲೆ ತಲೆ ಕೆಡಿಸಿಕೊಂಡು ಡಾಕ್ಟರೇಟ್ ಪಡೆದವನಿಗೆ ಇದನ್ನು ಕಲಿಸಿದ್ದು ಹವಾಮಾನದ ಗಂಧಗಾಳಿಯೂ ಇಲ್ಲದ ಈ ಮುಖ್ಯಸ್ಥ. ಕಲಿಸಿದ್ದು ಸರಿಯಾಗಿಯೇ ಇತ್ತು ಎಂಬುದು ಅವನಿಗೆ ಇನ್ನೂ ದೊಡ್ಡ ಸಂಕಟ. ಉಪಗ್ರಹದ ಚಿತ್ರ ತೋರಿಸಿದರೆ ಜಪ್ಪಯ್ಯ ಅಂದರೂ ಕದಲದ ಜನ, ತೋಳು ಕಂಡ ಕೂಡಲೇ ಮನೆ ಬಿಡುತ್ತಿದ್ದರು.

ಆಗ ಹನ್ನೆರಡೂವರೆ. ಚಂಡಮಾರುತ ದಡ ಮುಟ್ಟುವುದು ಸಂಜೆ ಏಳರ ಸುಮಾರಿಗೆ. ನಾಲ್ಕರ ನಂತರ ಪ್ರಸಾರವಾಗಬೇಕಾದ ಹನ್ನೆರಡು ನಿಮಿಷದ ವರದಿಯನ್ನು ಈಗಲೇ ತೆಗೆದಿಡುತ್ತಿದ್ದರು. ಬೆಳಗಿನ ಜಾವದಿಂದ ನಿಂತೇ ಇದ್ದಾನೆ, ಎಂಟರಿಂದ ಮತ್ತೆ ನಿಲ್ಲಬೇಕು, ನಡುವೆ ಸ್ವಲ್ಪ ಮಲಗಲಿ ಎಂಬ ದಯೆ. ಅಷ್ಟೂ ಹೊತ್ತು ಇದನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಮೂಲೆಯಲ್ಲಿ ‘ನೇರಪ್ರಸಾರ’ ಎಂಬ ಕೆಂಪು ಪಟ್ಟಿ ಇರುತ್ತದೆ. ಆದ್ದರಿಂದ ಗಂಟೆ ಹೇಳುವಂತಿಲ್ಲ, ‘ಈ ಹೊತ್ತಿನಲ್ಲಿ’ ಎನ್ನಬೇಕು. ಯಾವ ಹೊತ್ತಿನಲ್ಲಿ ಎಂದು ಈವರೆಗೆ ಯಾರೂ ಕೇಳಿರಲಿಲ್ಲ.

ಅವನ ಹಿಂದೆ ಬರೀ ಹಸಿರು ಗೋಡೆ. ನೋಡುವವರಿಗೆ ಅಲ್ಲಿ ಕಡಲು, ದಡ, ಸುಳಿ. ಅವನು ಬೋಳು ಗೋಡೆಯ ಮೇಲೆ ಕೈಯಾಡಿಸುತ್ತ ಹೇಳಿದ: ಕಡಲ ರಸ್ತೆಯಲ್ಲಿ ಇನ್ನೂ ಉಳಿದವರು ಈಗ ಹೊರಡಬೇಡಿ. ಒಳಗೇ ಇರಿ. ಮಹಡಿ ಇದ್ದವರು ಮಹಡಿಗೆ ಹೋಗಿ.

ಮಹಡಿ ಇಲ್ಲದವರಿಗೆ ಬರೆದುಕೊಟ್ಟದ್ದರಲ್ಲಿ ಯಾವ ವಾಕ್ಯವೂ ಇರಲಿಲ್ಲ. ಅವನ ಹೆಂಡತಿ ನಾಲ್ಕು ತಿಂಗಳಿಂದ ಇದ್ದ ಅಕ್ಕನ ಮನೆ ಅದೇ ರಸ್ತೆಯಲ್ಲಿತ್ತು. ಆ ಮನೆಗೆ ಮಹಡಿ ಇರಲಿಲ್ಲ. ಅವನ ಬೆರಳು ಗೋಡೆಯ ಮೇಲೆ ಆ ಜಾಗವನ್ನು ಸವರಿಕೊಂಡೇ ಮುಂದೆ ಹೋಯಿತು.

ಮುಖದ ಬಣ್ಣ ಒರೆಸುತ್ತ ಮೇಕಪ್ಪಿನಾಕೆ ತನ್ನ ತಾಯಿಯ ವಿಷಯ ತೆಗೆದಳು. ತಾಯಿ ಇರುವುದು ಕಡಲಿಗೆ ಎರಡು ಮೈಲಿ ದೂರದಲ್ಲಿ. ಕರೆದುಕೊಂಡು ಬರಬೇಕೆ ಎಂಬ ಪ್ರಶ್ನೆ. ಆ ಕಡೆ ನೀರು ನುಗ್ಗುವ ಸಾಧ್ಯತೆ ಶೇಕಡಾ ಮೂವತ್ತೈದು, ಗಾಳಿ ತಿರುಗಿದರೆ ಇನ್ನೂ ಕಡಿಮೆ ಎಂದು ಅವನು ವಿವರಿಸಿದ. ಅವಳು ಹತ್ತಿಯನ್ನು ಕೈಯಲ್ಲೇ ಹಿಡಿದು ಕನ್ನಡಿಯಲ್ಲಿ ಅವನನ್ನು ನೋಡಿದಳು.

“ಕರ್ಕೊಂಡು ಬರ್ಲಾ ಬೇಡ್ವಾ, ಅದನ್ನ ಹೇಳಿ ಸರ್.”

“ವರದಿಯಲ್ಲಿ ಹೇಳಿದ್ದೀನಲ್ಲ.”

ಅವಳು ಕಿವಿಯ ಹಿಂದಿನ ಬಣ್ಣ ಒರೆಸದೆ ಬಿಟ್ಟು ಹೊರಟುಹೋದಳು. ಅವನಿಗೆ ತಾನು ತಪ್ಪೇನು ಹೇಳಿದೆನೆಂದು ತಿಳಿಯಲಿಲ್ಲ. ಹೇಳಿದ್ದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ.

ಹೆಂಡತಿಯೂ ಹೀಗೇ ಹೊರಟುಹೋಗಿದ್ದಳು. ಮಗುವೊಂದನ್ನು ದತ್ತು ತೆಗೆದುಕೊಳ್ಳೋಣವೇ ಎಂದು ಆರು ವರ್ಷ ಕೇಳಿದಳು. ಆರು ವರ್ಷವೂ ಅವನು ಎರಡೂ ಕಡೆಯ ಸಾಧ್ಯತೆಗಳನ್ನು ಪ್ರಾಮಾಣಿಕವಾಗಿ ತೂಗಿ ಹೇಳಿದ. ಒಂದು ಬೆಳಿಗ್ಗೆ ಅವಳು, ನಿನ್ನ ಜೊತೆ ಮಾತಾಡಿದರೆ ನಾಳೆಯೂ ಮೋಡ ಇರುತ್ತೆ ಅನ್ನೋದಷ್ಟೇ ಗೊತ್ತಾಗೋದು ಎಂದು ನಕ್ಕು, ಪೆಟ್ಟಿಗೆ ಹಿಡಿದು ಹೋದಳು. ಜಗಳವಾಗಿದ್ದರೆ ರಾಜಿಗೆ ದಾರಿಯಾದರೂ ಇರುತ್ತಿತ್ತು.

ಕನ್ನಡಿಯ ಮುಂದೆ ಕೂತಿದ್ದಾಗಲೇ ಅವಳ ಫೋನು ಬಂತು. ತಾನಾಗಿ ಮಾಡುವವಳಲ್ಲ. ಅಕ್ಕ ನಿನ್ನೆಯೇ ಮಗಳ ಮನೆಗೆ ಹೋದಳು, ಮನೆಯಲ್ಲಿ ತಾನೊಬ್ಬಳೇ ಎಂದಳು. ಬೆಳಗಿನ ವರದಿಯನ್ನು ನೋಡಿದ್ದಳು.

“ಕಡಲ ರಸ್ತೆಯವರು ಮಧ್ಯಾಹ್ನ ಎರಡರೊಳಗೆ ಹೊರಡಿ ಅಂದೆ.”

“ಹೌದು.”

“ಅದು ನನಗೆ ಹೇಳಿದ್ದಾ, ಎಲ್ಲರಿಗೂ ಹೇಳಿದ್ದಾ?”

ಅವನು ಸ್ವಲ್ಪ ಯೋಚಿಸಿದ. “ಎಲ್ಲರಲ್ಲಿ ನೀನೂ ಸೇರ್ತೀಯಲ್ಲ.”

“ಹೊರಟು ಎಲ್ಲಿಗೆ ಬರ್ಲಿ?”

ಮನೆಗೆ ಬಾ ಎನ್ನಬಹುದಿತ್ತು. ಎರಡೇ ಪದ. ನಾಲಿಗೆಯ ತುದಿಗೆ ಬಂದಿದ್ದವು. ಅವಳು ಬಂದರೆ ಮತ್ತೆ ಆ ಮಗುವಿನ ಮಾತು ಬರುತ್ತದೆ, ಅದಕ್ಕೆ ಹೌದು ಅಥವಾ ಇಲ್ಲ ಅನ್ನಬೇಕಾಗುತ್ತದೆ ಎಂಬ ಯೋಚನೆಯೂ ಅಷ್ಟೇ ಬೇಗ ಬಂತು.

“ಪರಿಹಾರ ಕೇಂದ್ರಗಳ ಪಟ್ಟಿ ಕೆಳಗಡೆ ಓಡ್ತಾ ಇರುತ್ತೆ, ನೋಡು,” ಎಂದ.

ಆ ಕಡೆ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಅವಳು ಯಾರಿಗೋ ಇನ್ನೊಂದು ಮೊಳೆ ಹೊಡಿ ಎಂದು ಹೇಳಿ ಮತ್ತೆ ಫೋನಿಗೆ ಬಂದಳು.

“ನಾನು ಇಲ್ಲೇ ಇರ್ತೀನಿ. ನೀನು ಹೇಳಿದ ಹಾಗೆ ಕಿಟಕಿಗೆಲ್ಲ ಹಲಗೆ ಹೊಡೆಸಿದ್ದೀನಿ. ಮುಂದಕ್ಕೆ ಏನು ಮಾಡ್ಬೇಕೋ ಟಿವಿಯಲ್ಲಿ ಹೇಳು, ಹಾಗೇ ಮಾಡ್ತೀನಿ.”

ವಿಶ್ರಾಂತಿ ಕೋಣೆಯ ಸೋಫಾದಲ್ಲಿ ಅವನು ಕಣ್ಣು ಮುಚ್ಚಿ ಮಲಗಿದ. ಅವಳ ಮಾತಿನಲ್ಲಿ ಕುಹಕವಿದ್ದಿದ್ದರೆ ನಿದ್ದೆ ಬರುತ್ತಿತ್ತು. ಇರಲಿಲ್ಲ. ಮೂರು ಗಂಟೆಗೆ ಎದ್ದು, ಯಾರಿಗೂ ಹೇಳದೆ, ಹಿಂಬಾಗಿಲಿನಿಂದ ಇಳಿದು ಕಾರು ತೆಗೆದ. ಎಂಟರೊಳಗೆ ಅವಳನ್ನು ಕರೆತಂದು ಮನೆಯಲ್ಲಿ ಬಿಟ್ಟು ವಾಪಸಾಗಬಹುದು ಎಂದು ಲೆಕ್ಕ ಹಾಕಿದ. ಸಾಧ್ಯತೆ ಎಷ್ಟೆಂದು ಮಾತ್ರ ತೂಗಲಿಲ್ಲ. ಬಹಳ ವರ್ಷಗಳ ಮೇಲೆ ಅವನಿಗೆ ತನ್ನ ಬಗ್ಗೆ ಕೊಂಚ ಇಷ್ಟವಾಯಿತು.

ದಾರಿಯುದ್ದಕ್ಕೂ ವಾಹನಗಳೆಲ್ಲ ಎದುರಿನಿಂದ ಬರುತ್ತಿದ್ದವು. ನಾಲ್ಕರ ಹೊತ್ತಿಗೆ ಫೋನು ಸತ್ತಿತು. ಕಡಲ ರಸ್ತೆ ಶುರುವಾಗುವಲ್ಲಿ ಅಡ್ಡಗಂಬ ಹಾಕಿ ಪೊಲೀಸಿನವನೊಬ್ಬ ನಿಂತಿದ್ದ. ಅವನು ಕಾರಿನ ಗಾಜು ಇಳಿಸಿ ತಾನು ಯಾರೆಂದು ಹೇಳಿದ. ಪೊಲೀಸಿನವನು ಬಗ್ಗಿ ಅವನ ಮುಖ ನೋಡಿದ, ಆಮೇಲೆ ಚೌಕಿಯೊಳಗಿನ ಚಿಕ್ಕ ಟಿವಿ ನೋಡಿದ. ಅಲ್ಲಿ ಅವನೇ ತೋಳು ಮಡಚಿಕೊಂಡು ಮಾತಾಡುತ್ತಿದ್ದ.

“ಅವ್ರು ಅಲ್ಲಿದ್ದಾರಲ್ಲ. ನೇರಪ್ರಸಾರ ಅಂತ ಬರೆದಿದೆ.”

“ಅದು ಮಧ್ಯಾಹ್ನ ತೆಗೆದಿದ್ದು. ನಾನೇ ಅವನು.”

“ಹೋಲಿಕೆ ಇದೆ, ಇಲ್ಲ ಅನ್ನಲ್ಲ,” ಎಂದ ಪೊಲೀಸಿನವನು, ಸಮಾಧಾನ ಹೇಳುವವನಂತೆ. “ಯಾರೇ ಆಗ್ಲಿ, ಆ ಕಡೆ ಹೋಗೋ ಹಾಗಿಲ್ಲ. ಅವ್ರೇ ಹೇಳ್ತಾ ಇದ್ದಾರೆ, ಕೇಳಿ.”

ಅವನಿಗೆ ನಗು ಬಂತು. ಕಾರನ್ನು ತಿರುಗಿಸಿದಂತೆ ಮಾಡಿ, ಒಂದು ಗೋದಾಮಿನ ಹಿಂದೆ ನಿಲ್ಲಿಸಿ, ಗದ್ದೆಬಯಲಿನ ಮೇಲೆ ನಡೆದ. ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ಇಪ್ಪತ್ತು ವರ್ಷದಿಂದ ಗಾಳಿಯ ವೇಗವನ್ನು ಊರಿಗೆಲ್ಲ ಹೇಳಿದವನು ಇಂಥ ಗಾಳಿಯಲ್ಲಿ ನಿಂತದ್ದು ಇದೇ ಮೊದಲು. ಅವನಿಗೆ ಹೆದರಿಕೆಯಾಯಿತು. ಹೆದರಿಕೆಯ ಜೊತೆಗೆ ಒಂದು ಖುಷಿಯೂ ಇತ್ತು. ಹೇಳಬೇಕಾದ ಮಾತನ್ನು ದಾರಿಯಲ್ಲಿ ಗಟ್ಟಿಯಾಗಿ ಹೇಳಿಕೊಂಡ: ಮನೆಗೆ ಬಾ. ಮಗು ತರೋಣ. ಗಾಳಿ ಅದನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ಮತ್ತೆ ಹೇಳಿಕೊಂಡ.

ಅಕ್ಕನ ಮನೆ ಮುಟ್ಟಿದಾಗ ಐದೂಮುಕ್ಕಾಲು. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಮಳೆಯದ್ದಿರಬೇಕೆಂದುಕೊಂಡು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದ. ಉಪ್ಪಾಗಿತ್ತು. ಕಡಲು ಒಂದು ಗಂಟೆ ಮುಂಚೆಯೇ ಬಂದಿತ್ತು.

ಕರೆಗಂಟೆ ಒತ್ತಿದ. ಸದ್ದಾಗಲಿಲ್ಲ. ಹೆಸರು ಹಿಡಿದು ಕೂಗಿದ, ತನಗೇ ಕೇಳಿಸಲಿಲ್ಲ. ಕಿಟಕಿಯ ಎರಡು ಹಲಗೆಗಳ ನಡುವೆ ಬೆರಳಗಲದ ಸಂದಿಯಿತ್ತು. ಅದಕ್ಕೆ ಕಣ್ಣಿಟ್ಟ.

ಒಳಗೆ ದೀಪ ಇರಲಿಲ್ಲ. ಬ್ಯಾಟರಿಯ ಮೇಲೆ ಟಿವಿಯೊಂದೇ ಓಡುತ್ತಿತ್ತು. ಹೆಂಡತಿ ಅದರ ಎದುರಿಗೆ, ಮೊಣಕಾಲುಗಳನ್ನು ತಬ್ಬಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಬೆಳಕು ಅವಳ ಮುಖದ ಮೇಲಿತ್ತು. ಅವಳು ಅಷ್ಟು ಗಮನವಿಟ್ಟು ತನ್ನನ್ನು ನೋಡಿದ್ದು ಅವನು ಎಂದೂ ಕಂಡಿರಲಿಲ್ಲ. ಪರದೆಯ ಮೇಲಿದ್ದ ಆ ಇನ್ನೊಬ್ಬನ ಅಂಗಿ ಒಣಗಿತ್ತು, ದನಿ ನೆಮ್ಮದಿಯದ್ದಿರಬೇಕು. ಅವನಿಗೆ ಅಸೂಯೆಯಾಯಿತು.

ಬಾಗಿಲಿಗೆ ಬಂದು ಎರಡೂ ಮುಷ್ಟಿಯಿಂದ ಬಡಿದ. ಓಡಿ ಬಂದು ಸಂದಿಯಲ್ಲಿ ನೋಡಿದ. ಅವಳು ತಿರುಗಿದ್ದಳು. ಎದ್ದಳು. ಬಾಗಿಲಿನ ಕಡೆ ಎರಡು ಹೆಜ್ಜೆ ಇಟ್ಟಳು.

ಪರದೆಯ ಮೇಲಿನವನು ಅಂಗೈ ಎತ್ತಿದ.

ಮಾತು ಕೇಳಿಸುತ್ತಿರಲಿಲ್ಲ, ಆದರೆ ಕೇಳಿಸಬೇಕಾಗಿಯೂ ಇರಲಿಲ್ಲ. ಬರೆದುಕೊಟ್ಟದ್ದರಲ್ಲಿ ಅದು ಇರಲಿಲ್ಲ. ಬರೀ ಅಂಕಿಗಳಾದವು, ಮನೆಯವರೊಬ್ಬರು ಹೇಳಿದಂತಿರಲಿ ಎಂದು ಕ್ಯಾಮೆರಾ ಓಡುತ್ತಿದ್ದಾಗ ಅವನು ತಾನಾಗಿ ಸೇರಿಸಿದ ಮಾತು. ಸಂದಿಗೆ ಹಣೆಯೊತ್ತಿ, ಅವನ ತುಟಿಗಳೂ ಅದರ ಜೊತೆಗೆ ಅಲುಗಿದವು:

“ಯಾರೋ ಬಾಗಿಲು ಬಡಿದ ಹಾಗೆ ಕೇಳಿಸಬಹುದು. ನಿಮ್ಮನ್ನು ಕರೆದ ಹಾಗೂ ಅನ್ನಿಸಬಹುದು. ಅದು ಗಾಳಿ. ತೆರೆಯಬೇಡಿ.”

ಅವಳು ನಿಂತಳು. ಬಾಗಿಲನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿದಳು. ನಂತರ ಹಿಂದಕ್ಕೆ ಹೋಗಿ ಕುರ್ಚಿಯಲ್ಲಿ ಕೂತು, ಹಿಂದೆಂದೂ ಅವನ ಯಾವ ಮಾತಿಗೂ ಮಾಡದ ಹಾಗೆ, ಒಳಗಿದ್ದವನಿಗೆ ಸರಿ ಎಂದು ತಲೆಯಾಡಿಸಿದಳು.

ನೀರು ಅವನ ಮೊಣಕಾಲಿಗೆ ಬಂದಿತ್ತು. ಅವನು ಮತ್ತೆ ಬಡಿಯಲು ಕೈ ಎತ್ತಿದ. ಪರದೆಯಲ್ಲಿ ವರದಿ ಮುಗಿದು, ಮೊದಲಿನಿಂದ ಶುರುವಾಯಿತು.