ಬೇಕಾದರೆ ತೆಗೆದುಕೊಳ್ಳಬಹುದು

ನಮ್ಮ ಭಾವನಿಗೆ ಬಿಟ್ಟಿ ಸಿಕ್ಕಿದ್ದನ್ನ ಬೇಡ ಅನ್ನೋಕೆ ಬರಲ್ಲ. ಇದು ಚಾಡಿ ಅಲ್ಲ, ಅವರ ಮೈಗುಣ. ಒಮ್ಮೆ ಔಷಧಿ ಅಂಗಡಿಯವನು ಸ್ಯಾಂಪಲ್ ಅಂತ ಬಸುರಿಯರ ಮಾತ್ರೆ ಡಬ್ಬಿ ಕೊಟ್ಟ. ಭಾವ ಡಬ್ಬಿ ಖಾಲಿ ಆಗೋವರೆಗೂ ನುಂಗಿದರು. ಬೇರೇನೂ ಆಗಲಿಲ್ಲ, ಕೂದಲು ಸೊಂಪಾಗಿ ಬೆಳೀತು. ಅವರದು ಲಿಫ್ಟ್ ರಿಪೇರಿ ಕೆಲಸ. ಯಾವ ಕಟ್ಟಡಕ್ಕೆ ಹೋದರೂ ವಾಪಸ್ ಬರುವಾಗ ಕೈಯಲ್ಲಿ ಏನಾದರೂ ಇರುತ್ತೆ: ಹೋದ ವರ್ಷದ ಕ್ಯಾಲೆಂಡರು, ಅರ್ಧ ಡಬ್ಬಿ ಪೇಂಟು, ಒಂದು ಸಲ ಯಾರಿಗೋ ಬೇಡವಾದ ಬೆಕ್ಕು. ನಮ್ಮ ಕಾರ್ಡ್ ಕ್ಲಬ್ಬಿನಲ್ಲಿ ಅವರ ಹೆಸರೇ ಬಾಚಣಿಗೆ. ಎದುರಿಗಿದ್ದದ್ದನ್ನೆಲ್ಲ ಬಾಚ್ಕೊಳ್ತಾರೆ ಅಂತ.

ಕಾರ್ಡ್ ಅಂದ್ರೆ ಇಸ್ಪೀಟಲ್ಲ. ಚಿತ್ರ ಇರೋ ಕಾರ್ಡು, ಪ್ರತಿಯೊಂದರ ಮೇಲೂ ಒಂದೊಂದು ಹುಕುಂ ಬರೆದಿರುತ್ತೆ. ಸಾವಿರಾರು ಕಾರ್ಡಿನಲ್ಲಿ ಅರವತ್ತನ್ನ ಆರಿಸಿ ನಿಮ್ಮ ಡೆಕ್ ನೀವೇ ಕಟ್ಕೋಬೇಕು. ಒಂದು ಕಾರ್ಡು ಇನ್ನೊಂದಕ್ಕೆ ಕೊಕ್ಕೆ ಹಾಕಿ, ಅದು ಮತ್ತೊಂದಕ್ಕೆ ಕೊಕ್ಕೆ ಹಾಕಿ, ಎದುರಿನವರು ಕಣ್ಣು ಮಿಟುಕಿಸೋದರೊಳಗೆ ಕತೆ ಮುಗಿಸಿದ್ರೆ ಅದಕ್ಕೆ ಕಾಂಬೊ ಅಂತಾರೆ. ಈ ಆಟದಲ್ಲಿ ಭಾವ ನಮ್ಮ ಕ್ಲಬ್ಬಿಗೇ ಮೊದಲು, ನಾನು ಎರಡನೆಯವನು. ನಮ್ಮಿಬ್ಬರ ವಯಸ್ಸು ಕೂಡಿಸಿದರೆ ನೂರು ದಾಟುತ್ತೆ. ಮನೆಯವರು ಆಗಾಗ ಕೂಡಿಸಿ ತೋರಿಸ್ತಾರೆ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತು ಯಾರದೋ ಕನ್ನಡಕಕ್ಕೆ ಸ್ಕ್ರೂ ಹಾಕ್ತಿದ್ದೆ. ಅಕ್ಕ ಬಂದಳು. ಬಂದವಳೇ ಶಟರ್ ಅರ್ಧ ಎಳೆದಳು. ಅಕ್ಕ ಶಟರ್ ಎಳೆದಳು ಅಂದ್ರೆ ನನಗೆ ಈಗಲೂ ಕೈಕಾಲು ತಣ್ಣಗಾಗುತ್ತೆ.

"ಲೋ, ಈ ಸಲ ನಿಮ್ಮ ಭಾವ ಗೆಲ್ಲಬಾರದು."

"ಯಾವುದರಲ್ಲಿ?"

"ನಿಮ್ಮ ಮಕ್ಕಳಾಟದಲ್ಲಿ. ಗೆದ್ದವನು ಒಂದು ವರ್ಷ ಯಾವುದೋ ತಂಡದ ಜೊತೆ ಊರೂರು ಸುತ್ತೋಕೆ ಹೋಗ್ತಾನಂತೆ. ಇವರು ಆಗಲೇ ಪೆಟ್ಟಿಗೆ ಒರೆಸಿ ಇಟ್ಟಿದ್ದಾರೆ."

ವಿಷಯ ನನಗೂ ಗೊತ್ತಿತ್ತು. ಕ್ಲಬ್ಬಿನ ಮೊದಲಿಬ್ಬರು ಭಾನುವಾರ ಒಂದೇ ಒಂದು ಆಟ ಆಡಬೇಕು, ಗೆದ್ದವರಿಗೆ ತಂಡದಲ್ಲಿ ಜಾಗ.

"ಬೇಡ ಅಂದುಬಿಡು ಅಕ್ಕಾ. ನೀನಂದ್ರೆ ಹೋಗಲ್ಲ."

"ಹೋಗಲ್ಲ, ಅದೇ ಕಷ್ಟ. ಆಮೇಲೆ ಜೀವ ಇರೋವರೆಗೂ ಮುಖ ಊದಿಸ್ಕೊಂಡು 'ನೀನು ತಡೀದೆ ಇದ್ದಿದ್ರೆ ನಾನು ಎಲ್ಲಿರ್ತಿದ್ದೆ' ಅಂತಿರ್ತಾರೆ. ನಾನು ತಡೀಬಾರದು. ಅವರಾಗೇ ಸೋಲಬೇಕು. ನ್ಯಾಯವಾಗಿ."

"ಹೋಗಿ ಬರಲಿ ಬಿಡು, ಒಂದು ವರ್ಷ ತಾನೇ?"

"ಆ ಮನೇಲಿ ಒಂದು ವರ್ಷ ನಾನು ಯಾರ ಹತ್ರ ಜಗಳ ಆಡ್ಲಿ? ನಿನ್ನ ಹತ್ರ ಬರ್ಲಾ, ದಿನಾ?"

ನಾನು ತಕ್ಷಣ ನನ್ನ ಡೆಕ್ ತೆಗೆದು ಮೇಜಿನ ಮೇಲೆ ಹರಡಿದೆ.

ಅಕ್ಕ ಒಂದೊಂದೇ ಕಾರ್ಡ್ ಓದಿದಳು. ಬೆಂಕಿ, ಬಾಣ, ಖಡ್ಗ, ಹುಚ್ಚು ಗೂಳಿ. ಓದಿ ಮುಗಿಸಿ ಕನ್ನಡಕ ತೆಗೆದಳು. "ಇದೆಲ್ಲ ಹೊಡೆಯೋ ಕಾರ್ಡು. ಹೊಡೆದ್ರೆ ಅವರು ಬಗ್ಗಲ್ಲ, ನಾನು ಎಲ್ಲ ಥರಾನೂ ನೋಡಿದ್ದೀನಿ. ಕೊಡೋ ಕಾರ್ಡು ಇಲ್ವಾ?"

ಮೂವತ್ತು ವರ್ಷದಿಂದ ಈ ಆಟ ಆಡೋ ನನಗೆ ಹೊಳೀದೇ ಇದ್ದ ಮಾತು ಅದು. ನನ್ನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ಇವತ್ತಿಗೂ ಸಿಕ್ಕಿಲ್ಲ, ಆ ಗಿರಾಕಿ ಒಂದೇ ಕಿವಿಗೆ ಕನ್ನಡಕ ಹಾಕ್ಕೊಂಡು ಓಡಾಡ್ತಾನೆ.

ಆಟದ ನಿಯಮ ಹೀಗೆ: ನಿಮ್ಮ ಸರದಿ ಬಂದಾಗ ಡೆಕ್ಕಿನಿಂದ ಒಂದು ಕಾರ್ಡ್ ಎತ್ತಲೇಬೇಕು. ಎತ್ತೋಕೆ ಕಾರ್ಡೇ ಉಳಿದಿಲ್ಲ ಅಂದ್ರೆ ಸೋತ ಹಾಗೆ. ಎದುರಿನವರ ಡೆಕ್ಕನ್ನ ಬಲವಂತವಾಗಿ ಖಾಲಿ ಮಾಡಿಸೋ ಕಾರ್ಡುಗಳು ಬೇಕಾದಷ್ಟಿವೆ, ಅವಕ್ಕೆಲ್ಲ ಭಾವನ ಹತ್ರ ತಡೆ ಇದೆ. ಆದ್ರೆ ನನ್ನ ಅಂಗಡಿಯ ಕಸದ ಡಬ್ಬಿಯಂಥ ಒಂದು ಪೆಟ್ಟಿಗೆಯ ತಳದಲ್ಲಿ, ಯಾರೂ ಮೂಸಿ ನೋಡದ ಒಂದು ಕಾರ್ಡಿತ್ತು. ಹೆಸರು ಉದಾರಿ. 'ಎದುರಾಳಿ ಬೇಕಾದರೆ ಒಂದು ಕಾರ್ಡ್ ತೆಗೆದುಕೊಳ್ಳಬಹುದು.' ಅಷ್ಟೇ ಅದರ ಹುಕುಂ. ಶತ್ರುವಿಗೆ ಸುಮ್ಮನೆ ಕಾರ್ಡ್ ಕೊಡೋ ಮೂರ್ಖ ಯಾರು?

'ಬೇಕು' ಅಂತ ಬರೆದಿರೋ ಕಾರ್ಡಿಗೆ ಎಲ್ಲರೂ ತಡೆ ಇಟ್ಕೊಂಡಿರ್ತಾರೆ. 'ಬಹುದು' ಅನ್ನೋದಕ್ಕೆ ಯಾರೂ ಇಟ್ಕೊಳ್ಳಲ್ಲ.

ಉದಾರಿಯ ಪಕ್ಕದಲ್ಲಿ ಕನ್ನಡಿ ಇಟ್ಟೆ. ಕನ್ನಡಿಯ ಕೆಲಸ, ಈಗಷ್ಟೇ ನಡೆದದ್ದನ್ನ ಇನ್ನೊಮ್ಮೆ ನಡೆಸೋದು. ಎರಡೂ ಸೇರಿದರೆ ಎದುರಿನವರು ಹೂಂ ಅಂತಿರೋವರೆಗೂ ದಾನ ನಿಲ್ಲಲ್ಲ. ಇಷ್ಟು ಕಾರ್ಡ್ ಕೊಟ್ರೆ ಅವರು ನನ್ನನ್ನ ಹೂತುಹಾಕ್ತಾರಲ್ಲ? ಅದಕ್ಕೆ ಮೂರನೆಯದು, ಇಕ್ಕಟ್ಟು ಬಾಗಿಲು: ಒಂದು ಸರದಿಗೆ ಒಂದೇ ಕಾರ್ಡ್ ಆಡಬೇಕು. ಕೈತುಂಬ ಇದ್ರೂ ಒಂದೇ.

"ಬಾಗಿಲು ಒಡೆಯೋ ಕಾರ್ಡ್ ಇಲ್ವಾ?" ಅಂದಳು ಅಕ್ಕ.

"ಇದೆ. ಸುತ್ತಿಗೆ. ಭಾವನ ಹತ್ರ ಒಂದೇ ಒಂದಿದೆ. ಬಾಗಿಲು ಒಡೆದ್ರೆ ನಾನು ಕೊಟ್ಟ ಅಷ್ಟೂ ಕಾರ್ಡನ್ನ ಒಟ್ಟಿಗೆ ನನ್ನ ತಲೆ ಮೇಲೆ ಸುರೀತಾರೆ."

"ಅಂದ್ರೆ?"

"ಅಂದ್ರೆ ನೀನು ಪೆಟ್ಟಿಗೆಗೆ ಬಟ್ಟೆ ಮಡಚಿ ಇಡ್ಬೇಕು."

ಅವತ್ತಿಂದ ದಿನಾ ಮಧ್ಯಾಹ್ನ ಅಭ್ಯಾಸ. ಭಾವನ ಡೆಕ್ಕಿನಂಥದೇ ಒಂದು ಡೆಕ್ ಹಿಡ್ಕೊಂಡು ಅಕ್ಕ ಭಾವ ಆಗಿ ಕೂರ್ತಿದ್ದಳು. ಗಂಟಲು ಕೆರೆದು, ಕಿವಿ ಎಳ್ಕೊಂಡು, "ಏನಪ್ಪಾ ಭಾಮೈದ" ಅಂತ ಶುರು ಮಾಡಿದ್ರೆ ನಾನು ಎರಡು ಸಲ ಎದ್ದು ನಿಂತೇಬಿಟ್ಟೆ. ಆದರೆ ಕಾರ್ಡ್ ಸ್ವಲ್ಪ ಉಳಿದಾಗ "ಸಾಕು" ಅಂದುಬಿಡ್ತಿದ್ದಳು.

"ಅಕ್ಕಾ, ನಿನ್ನ ಥರ ಆಡ್ಬೇಡ. ಅವರ ಥರ ಆಡು."

"ಕಣ್ಣೆದುರಿಗೆ ಹಳ್ಳ ಕಾಣ್ತಿದೆಯಲ್ಲೋ!"

"ಅವರಿಗೆ ಹಳ್ಳ ಕಾಣಲ್ಲ. ಬಿಟ್ಟಿ ಅಂತ ಬೋರ್ಡ್ ಮಾತ್ರ ಕಾಣುತ್ತೆ."

ಭಾನುವಾರ ಬಂತು. ನಮ್ಮ ಕ್ಲಬ್ಬು ಟೈರ್ ಅಂಗಡಿಯ ಮೇಲಿನ ಮಾಳಿಗೆ. ಮೆಟ್ಟಿಲು ಹತ್ತೋಕೆ ಮೊದಲೇ ರಬ್ಬರಿನ ವಾಸನೆ ಮೂಗಿಗೆ ಹೊಡೆಯುತ್ತೆ. ಮಧ್ಯದಲ್ಲಿ ಒಂದು ಮೇಜು, ಸುತ್ತ ಹಗ್ಗ, ಹಗ್ಗದಾಚೆ ಜನ. ತೀರ್ಪು ಹೇಳೋರು ಗಂಟೆ ಮೇಡಂ. ಲೆಕ್ಕದ ಟೀಚರ್ ಆಗಿ ರಿಟೈರ್ ಆದವರು, ಶಾಲೆಯ ಗಂಟೆಯನ್ನೂ ಜೊತೆಗೇ ರಿಟೈರ್ ಮಾಡಿಸ್ಕೊಂಡು ಬಂದಿದ್ದಾರೆ. ಒಂದು ಸರದಿಗೆ ಅರ್ಧ ನಿಮಿಷ, ಗಂಟೆ ಹೊಡೆದ್ರೆ ಸರದಿ ಹೋಯ್ತು.

ಅಕ್ಕ ಭಾವನ ಬೆನ್ನ ಹಿಂದೆ ಹಗ್ಗ ಹಿಡ್ಕೊಂಡು ನಿಂತಿದ್ದಳು. ಭಾವ ತಿರುಗಿ ನೋಡಿ ಬೆರಗಾದರು. "ನೀನ್ಯಾಕೆ ಬಂದೆ ಇಲ್ಲಿಗೆ?"

"ಮನೇಲಿ ಕರೆಂಟಿಲ್ಲ."

ಆಟ ಶುರುವಾಯ್ತು. ಮೊದಲು ಬಾಗಿಲು ಬಂತು, ಆಮೇಲೆ ಉದಾರಿ. ಕನ್ನಡಿ ಮಾತ್ರ ಬರಲೊಲ್ಲದು. ಭಾವ ಒಂದೊಂದೇ ಕಾರ್ಡಿನಲ್ಲಿ ನನ್ನ ಜೀವ ಹಿಂಡಿದರು. ನನ್ನ ಕೋಟೆ ಬಿತ್ತು, ಕಾವಲುಗಾರ ಸತ್ತ, ಇನ್ನೊಂದೇ ಏಟು ತಿಂದ್ರೆ ನಾನು ಮಟಾಷ್. ಬೆನ್ನ ಮೇಲಿನ ಬೆವರು ಕುರ್ಚಿಗೆ ಇಳಿದು, ಅಲ್ಲಿಂದ ಕೆಳಗಿನ ಟೈರ್ ಅಂಗಡಿಗೆ ಸೋರಿತು ಅಂತ ಆಮೇಲೆ ಅಂಗಡಿಯವನು ದೂರು ಕೊಟ್ಟ. ಅಕ್ಕನ ಕೈಯಲ್ಲಿ ಹಗ್ಗ ನುಲಿದು ದಾರ ಆಗಿತ್ತು.

ನನ್ನ ಸರದಿ. ಎತ್ತಿದೆ. ಕನ್ನಡಿ.

ಉದಾರಿಯ ಪಕ್ಕ ಇಟ್ಟೆ. "ಭಾವ, ಬೇಕಾದರೆ ಒಂದು ಕಾರ್ಡ್ ತಗೋಬಹುದು."

"ಬಿಟ್ಟೀನಾ?"

"ಬಿಟ್ಟಿ."

ತಗೊಂಡರು. "ಇನ್ನೊಂದು?" ತಗೊಂಡರು. "ಇನ್ನೊಂದು?" ಅವರ ಮುಖ ಹುಣ್ಣಿಮೆ ಥರ ಅರಳಿತು. "ಯಾಕೋ ಭಾಮೈದ, ಇವತ್ತು ಇಷ್ಟು ಪ್ರೀತಿ?" ಬಲಗೈ ತುಂಬಿತು, ಎಡಗೈ ತುಂಬಿತು. ಒಂದಷ್ಟನ್ನ ಗಲ್ಲದ ಕೆಳಗೆ ಒತ್ತಿಕೊಂಡರು, ಒಂದಷ್ಟನ್ನ ಮೊಣಕಾಲ ಮಧ್ಯೆ, ಒಂದಷ್ಟನ್ನ ಕಂಕುಳಲ್ಲಿ. ಎತ್ತಿದ ಕಾರ್ಡು ಕೈಯಲ್ಲೇ ಇರಬೇಕು ಅನ್ನೋದು ಆಟದ ನಿಯಮ; ಕೈ ಅನ್ನೋ ಮಾತಿಗೆ ಅಷ್ಟು ಅರ್ಥ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಡೆಕ್ಕು ಬಿಸ್ಕತ್ತಿನಷ್ಟು ತೆಳ್ಳಗಾಯ್ತು. ಜನ ಉಸಿರು ಬಿಡ್ತಿರಲಿಲ್ಲ. ಇನ್ನು ನಾಲ್ಕು. ಮೂರು. ಎರಡು.

ಆಗ ಅವರ ಎಡಹುಬ್ಬು ಮೇಲೆ ಹೋಯ್ತು. ಆ ಹುಬ್ಬು ಮೇಲೆ ಹೋಗೋದು ಬೇಕಾದ ಕಾರ್ಡ್ ಬಂದಾಗ ಮಾತ್ರ. ಸುತ್ತಿಗೆ ಬಂದಿತ್ತು.

"ಇನ್ನೊಂದು, ಭಾವ?" ಅಂದೆ.

ಭಾವ ಡೆಕ್ ನೋಡಿದರು. ಉದಾರಿ ಕಾರ್ಡನ್ನ ತಮ್ಮ ಕಡೆ ತಿರುಗಿಸಿ ಓದಿದರು. ಮತ್ತೆ ಓದಿದರು. "ಬಹುದು ಅಂತ ಅಲ್ವಾ ಬರೆದಿರೋದು?"

"ಹೂಂ."

"ಹಾಗಾದ್ರೆ ಬೇಡ."

ಕ್ಲಬ್ಬಿನಲ್ಲಿ ಯಾರೋ ಕುರ್ಚಿಯಿಂದ ಬಿದ್ದ ಸದ್ದಾಯ್ತು. ಹುಟ್ಟಿದಾಗಿನಿಂದ ಆ ಬಾಯಿಂದ ಆ ಪದ ಬಂದಿದ್ದನ್ನ ಕೇಳಿದವರಿಲ್ಲ. ನಾನು ಅಕ್ಕನ ಕಡೆ ನೋಡಲಿಲ್ಲ, ನೋಡೋ ಧೈರ್ಯ ಇರಲಿಲ್ಲ.

ಅವರ ಸರದಿ. ಉಳಿದಿದ್ದ ಎರಡರಲ್ಲಿ ಒಂದನ್ನ ಎತ್ತಿದರು. ಇನ್ನೇನು, ಸುತ್ತಿಗೆ ಹಾಕೋದು, ಬಾಗಿಲು ಒಡೆಯೋದು, ನನ್ನನ್ನ ಮುಗಿಸೋದು. ಬಲಗೈ ನೋಡಿದರು. ಎಡಗೈ ನೋಡಿದರು. ಮತ್ತೆ ಬಲಗೈ.

ಸುತ್ತಿಗೆ ಕಾಣ್ತಿಲ್ಲ.

ಗಲ್ಲ ಸಡಿಲಿಸಿದರು, ಕಾರ್ಡುಗಳು ಹೊಟ್ಟೆ ಮೇಲೆ ಸುರಿದವು. ಮೊಣಕಾಲ ಮಧ್ಯದಿಂದ ಎಳೆದು ಒಂದೊಂದಾಗಿ ತಿರುವಿದರು. ಭೂತ, ಬಾವಿ, ಬಾವುಟ, ಮತ್ತೆ ಭೂತ. ಗಂಟೆ ಮೇಡಂ ಗಂಟೆಯ ದಾರ ಬೆರಳಿಗೆ ಸುತ್ಕೊಂಡರು. ಭಾವನ ಹಣೆಯಲ್ಲಿ ನರ ಎದ್ದು ನಿಂತಿತು. ನಾನು ಉದಾರಿಯ ಚಿತ್ರವನ್ನೇ ದಿಟ್ಟಿಸಿಕೊಂಡು ಕೂತೆ. ಆಗ ನನಗೆ ಅರ್ಥ ಆಯ್ತು, ನಾವು ಕಟ್ಟಿದ ಡೆಕ್ಕಿನ ನಿಜವಾದ ವಿಷ ಯಾವುದು ಅಂತ. ಖಾಲಿ ಮಾಡೋದಲ್ಲ. ಎಲ್ಲಾನೂ ಕೊಟ್ಟುಬಿಡೋದು, ಬೇಕಾದ್ದು ಸಿಗದೇ ಇರೋ ಹಾಗೆ.

ಇಲ್ಲೊಂದು ಮಾತು ಹೇಳ್ಬೇಕು. ಅವರ ಮನೇಲಿ ಭಾವನಿಗೆ ಒಂದೂ ವಸ್ತು ಕಣ್ಣಿಗೆ ಬೀಳಲ್ಲ. ಬೀರುವಿನ ಮುಂದೆ ನಿಂತು ಕೂಗ್ತಾರೆ, ಅಕ್ಕ ಇನ್ನೊಂದು ರೂಮಿನಿಂದ, ತಲೆ ಕೂಡ ಎತ್ತದೆ, ಎಲ್ಲಿದೆ ಅಂತ ಹೇಳ್ತಾಳೆ. ಮದುವೆ ಆದಾಗಿನಿಂದ ನಡೆದು ಬಂದಿರೋದು ಹಾಗೆ.

ಭಾವ ಮುಖ ಮೇಲೆತ್ತಿದರು. ಎಲ್ಲಿದ್ದೀನಿ ಅನ್ನೋದೇ ಮರೆತು ಕೂಗಿದರು: "ಏ, ಸುತ್ತಿಗೆ ಎಲ್ಲೇ?"

"ಎಡಗಡೆ ಕಂಕುಳಲ್ಲಿ ನೋಡ್ರೀ, ಮೇಲಿಂದ ಎರಡನೇದು!"

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಕೊಂಡಳು. ಮುಚ್ಚೋ ಹೊತ್ತಿಗೆ ಮಾತು ಹೊರಗೆ ಬಂದಾಗಿತ್ತು. ಭಾವ ಕಂಕುಳಿಗೆ ಕೈ ಹಾಕಿ, ಎರಡನೇ ಕಾರ್ಡ್ ಎಳೆದು, ಮೇಜಿನ ಮೇಲೆ ಬಡಿದರು. ಸುತ್ತಿಗೆ.

ಗಂಟೆ ಹೊಡೀತು. ಆದ್ರೆ ಅದು ಹೊತ್ತಿನ ಗಂಟೆ ಆಗಿರಲಿಲ್ಲ.

"ಹೊರಗಿನವರು ಬಾಯಿ ಹಾಕಿದ್ರು," ಅಂದರು ಗಂಟೆ ಮೇಡಂ. "ಕೇಳಿದ್ದೂ ನೀವೇ. ಆಟ ಸೋತ್ರಿ."

"ಹೊರಗಿನವರು ಯಾರು?" ಭಾವ ಎದ್ದು ನಿಂತರು. ಮಡಿಲಿನಿಂದ ಇನ್ನಷ್ಟು ಕಾರ್ಡ್ ಉದುರಿದವು. "ಅವಳು ಹೊರಗಿನವಳಾ? ನನ್ನ ಹೆಂಡತಿ ಅವಳು!"

ಜನ ಗೊಳ್ಳೆಂದು ನಕ್ಕರು. ಮೇಡಂ ನಗಲಿಲ್ಲ. ಅವರು ಲೆಕ್ಕದ ಟೀಚರ್. "ಹಗ್ಗದಾಚೆ ಇದ್ದವರೆಲ್ಲ ಹೊರಗಿನವರೇ." ನನ್ನ ಕಡೆ ತಿರುಗಿದರು. "ತಂಡದ ಜಾಗ ನಿಮ್ಮದು. ಮುಂದಿನ ವಾರ ಹೊರಡಬೇಕು."

ಗೆದ್ದರೆ ನಾನೇ ಹೋಗಬೇಕಾಗುತ್ತೆ ಅನ್ನೋದು ನನಗಾಗಲಿ ಅಕ್ಕನಿಗಾಗಲಿ ಒಂದು ಕ್ಷಣಕ್ಕೂ ಹೊಳೆದಿರಲಿಲ್ಲ. "ಮೇಡಂ, ನನಗೆ ಅಂಗಡಿ ಇದೆ. ಬಸ್ಸಲ್ಲಿ ಕೂತ್ರೆ ವಾಂತಿ ಬೇರೆ..."

"ನೀವು ಒಲ್ಲೆ ಅಂದ್ರೆ ಎರಡನೇ ಸ್ಥಾನದವರಿಗೆ ಕೊಡ್ತೀವಿ."

ಎರಡನೇ ಸ್ಥಾನದವರು ಕಂಕುಳು ಖಾಲಿ ಮಾಡ್ತಾ ನಿಂತಿದ್ದರು. ಅವರ ಹಿಂದಿನಿಂದ ಅಕ್ಕ ನನ್ನ ಕಡೆ ಒಂದು ನೋಟ ಬಿಟ್ಟಳು. ಶಟರ್ ಎಳೀಬೇಕಾಗಿರಲಿಲ್ಲ.

"ಹೋಗ್ತೀನಿ," ಅಂದೆ.

ಭಾವ ಹಗ್ಗದ ಹತ್ರ ಹೋಗಿ ಅಕ್ಕನ ಮುಂದೆ ನಿಂತರು. ಕೈಯಲ್ಲಿ ಆ ಕಾರ್ಡು. ಜನರ ನಗು ತಾನಾಗೇ ಅಡಗಿತು.

"ಈ ಕಾರ್ಡಲ್ಲಿ ಸುತ್ತಿಗೆ ಚಿತ್ರ ಇಲ್ಲ," ಅಂದರು. "ನಿದ್ದೆ ಹೊಡೀತಿರೋ ಮುದುಕ ಇದ್ದಾನೆ. ಅಲ್ಲಿಂದ ನಿನಗೆ ಹೆಸರೂ ಕಾಣಲ್ಲ. ಇದೇ ಸುತ್ತಿಗೆ ಅಂತ ಹೇಗೆ ಗೊತ್ತಾಯ್ತು?"

ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆ ಮೇಲಿದ್ದ ಟೈರಿನ ಜಾಹೀರಾತನ್ನ ತುಂಬಾ ಆಸಕ್ತಿಯಿಂದ ಓದ್ತಿದ್ದೆ.

"ಕಲಿತೆ," ಅಂದಳು.

"ಮಕ್ಕಳಾಟ ಅಂತಿದ್ದೆ?"

"ಈಗಲೂ ಅಂತೀನಿ. ನಿಮ್ಮನ್ನ ಸೋಲಿಸೋಕೆ ಕಲಿತೆ. ಆ ಡೆಕ್ ಕಟ್ಟಿಸಿದ್ದು ನಾನೇ. ನೀವು ಹೋಗೋದು ನನಗೆ ಬೇಡ, ಅಷ್ಟೇ."

ಭಾವ ಕಿವಿ ಎಳ್ಕೊಂಡರು.

"ಅದನ್ನ ಮನೇಲೇ ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ಮುಖ ಊದಿಸ್ತಿದ್ರಿ."

"ಊದಿಸ್ತಿದ್ದೆ."

"ಈಗ?"

ಭಾವ ತುಂಬಾ ಹೊತ್ತು ಯೋಚಿಸಿದರು. ಗಂಟೆ ಮೇಡಂ ಕೂಡ ಗಂಟೆ ಹೊಡೀಲಿಲ್ಲ.

"ಈಗಲೂ ಊದಿಸ್ತೀನಿ," ಅಂದರು. "ವರ್ಷ ಪೂರ್ತಿ. ಮನೇಲೇ ಕೂತ್ಕೊಂಡು."

"ಸರಿ," ಅಂದಳು ಅಕ್ಕ, ಹಗ್ಗ ಎತ್ತಿ ದಾರಿ ಮಾಡ್ತಾ. "ನಡೀರಿ ಮತ್ತೆ."